ಫೌಸ್ತೀನೊನ ಶಿರಸ್ತ್ರಾಣದ ನೀಲಿ ಮೆತ್ತೆ

ಇಂದ,
ಓರ್ಸೊಲಾ,
ಕಾಲಾಳು ಫೌಸ್ತೀನೊನ ಹೆಂಡತಿ,
ಕಮ್ಮಾರರ ಬೀದಿ, ಬ್ರೆಷಾ.

ಗೆ,
ಮುಖ್ಯಾಧಿಕಾರಿಗಳು,
ನಗರ ಶಸ್ತ್ರಾಗಾರ, ಬ್ರೆಷಾ.

ವಿಷಯ: ಗಂಡನ ಶಿರಸ್ತ್ರಾಣದೊಳಗೆ ಪರಸ್ತ್ರೀಯ ಹೊಲಿಗೆ ಕಂಡುಬಂದಿರುವ ಕುರಿತು.

ಉಲ್ಲೇಖ: "ಹೊರಗಿನ ಕಬ್ಬಿಣ ನಗರದ್ದು, ಒಳಗಿನ ಮೆತ್ತೆ ಸೈನಿಕನ ಮನೆಯವರದ್ದು" ಎಂಬ ತಮ್ಮದೇ ಆದೇಶ.

ಮಾನ್ಯರೇ,

೧. ಸದರಿ ಫೌಸ್ತೀನೊ ಅವರು ಓರ್ಜಿನೂವಿ ಕೋಟೆಯ ಕಾವಲಿನಲ್ಲಿದ್ದು, ಈಗ ರಜೆಯ ಮೇಲೆ ಮನೆಗೆ ಬಂದಿರುತ್ತಾರೆ. ಮದುವೆಯಾದಂದಿನಿಂದ ಅವರ ಶಿರಸ್ತ್ರಾಣಕ್ಕೆ ಸೆಣಬಿನ ನಾರು ತುಂಬಿ ಮೆತ್ತೆ ಹೊಲಿದವಳು ನಾನೇ. ಈ ಸಲ ಬೆವರಿನ ವಾಸನೆ ಹೋಗಲೆಂದು ಅದನ್ನು ಬಿಸಿಲಿಗಿಡುವಾಗ, ಒಳಗೆ ನೀಲಿ ದಾರದ ಹೊಸ ಮೆತ್ತೆ ಕಂಡುಬಂದಿತು. ನಮ್ಮ ಮನೆಯಲ್ಲಿ ನೀಲಿ ದಾರವಿಲ್ಲ.

೨. ಕಾರಣ, ಊಟದ ವೇಳೆ ವಿಚಾರಣೆ ನಡೆಸಲಾಗಿ ಈ ಕೆಳಗಿನ ಹೇಳಿಕೆಗಳು ದೊರೆತವು:

"ಯಾರ್ರೀ ಹೊಲಿದಿದ್ದು?"

"ಬೆತ್ತೀನಾ ಅಂತ, ಕೋಟೇಲಿ ಬಟ್ಟೆ ಒಗೀತಾಳೆ. ಹಳೇದು ಹರಿದುಹೋಗಿತ್ತು ಕಣೇ."

"ತಲೆ ಅಳತೆ ಹೇಗೆ ತಗೊಂಡ್ಲು?"

"ಅಳತೆ ಏನು ಬಂತು... ಹೀಗೇ, ಕೈಯಲ್ಲಿ."

"ಓಹೋ. ಗಂಜಿ ಆರ್ತಾ ಇದೆ, ತಿನ್ನಿ."

ಒಲೆಯ ಪಕ್ಕದಲ್ಲಿದ್ದ ಅತ್ತೆಯವರು, "ಈಗ ನನ್ನ ಮಗನಿಗೆ ತಲೆನೋವೇ ಇಲ್ವಂತೆ. ಯಾರು ಹೊಲಿದ್ರೇನು?" ಎಂದು ಷರಾ ಹಾಕಿದರು.

೩. ಆದ್ದರಿಂದ ಮೆತ್ತೆಯನ್ನು ಬಿಚ್ಚಿ ನೋಡಲಾಗಿ, ಎಡಗಿವಿಯ ಹಿಂದೆ ಬರುವ ಕಡೆ ಸಣ್ಣದೊಂದು ಗುಳಿ ಬಿಟ್ಟಿರುವುದು ತಿಳಿಯಿತು. ಅವರು ಮಧ್ಯಾಹ್ನ ಮಲಗಿದ್ದಾಗ ಅವರ ತಲೆಯ ಅದೇ ಜಾಗದಲ್ಲಿ ಬೆರಳಿಟ್ಟು ನೋಡಿದೆ. ಗಂಟೊಂದಿದೆ. ಇಷ್ಟು ವರ್ಷ ನನ್ನ ಮೆತ್ತೆ ಅಲ್ಲಿ ಒತ್ತುತ್ತಿತ್ತು. ಅವರು ಬಾಯಿ ಬಿಡಲಿಲ್ಲ. ನಾನೂ ಹಳೆಯ ಮೆತ್ತೆಯ ಅಳತೆಗೇ ಹೊಸದನ್ನು ಕತ್ತರಿಸುತ್ತಿದ್ದೆ. ತಲೆ ಮುಟ್ಟಿ ನೋಡಬೇಕೆಂದು ಹೊಳೆದೇ ಇರಲಿಲ್ಲ.

೪. ಸದರಿ ಬೆತ್ತೀನಾಳ ಹೊಲಿಗೆ ನನ್ನದಕ್ಕಿಂತ ಚೆನ್ನಾಗಿರುತ್ತದೆ. ಈ ಕಾರಣದಿಂದ ನನ್ನ ದೂರು ಇನ್ನಷ್ಟು ಗಂಭೀರವಾಗಿರುತ್ತದೆ.

೫. ಸೋಮವಾರ ಅವರು ಕೋಟೆಗೆ ಮರಳುವವರಿದ್ದು, ಅಷ್ಟರೊಳಗೆ ನಾನು ಬೇರೊಂದು ಮೆತ್ತೆ ಹೊಲಿದಿದ್ದೇನೆ. ಈ ಬಾರಿ ಕೈಯಲ್ಲೇ ಅಳತೆ ತೆಗೆದೆ. ಅವರು ಕಣ್ಣು ಮುಚ್ಚಿ ಸುಮ್ಮನೆ ಕೂತಿದ್ದರು. ನಾನು ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತೇ ಅಳೆದೆ. ಗಂಟಿಗೆ ಗುಳಿ ಬಿಟ್ಟಿದ್ದೇನೆ. ಗುಳಿಯ ಅಂಚಿನಲ್ಲಿ ಒಂದು ಕಡಲೆಕಾಳನ್ನೂ ಸೇರಿಸಿ ಹೊಲಿದಿದ್ದೇನೆ. ನೋವಾಗುವುದಿಲ್ಲ, ನೆನಪಾಗುತ್ತದೆ.

ಆದ್ದರಿಂದ ತಾವು ದಯಮಾಡಿ ನೀಲಿ ಮೆತ್ತೆಯನ್ನು ಜಪ್ತಿ ಮಾಡಿಕೊಂಡು, ನನ್ನದನ್ನೇ ಧರಿಸುವಂತೆ ಅವರಿಗೆ ಆದೇಶ ನೀಡಬೇಕೆಂದೂ, ಕೋಟೆಯಲ್ಲಿರುವಷ್ಟು ಕಾಲ, ವಿಶೇಷವಾಗಿ ಬಟ್ಟೆ ಒಗೆಯುವ ಕಟ್ಟೆಯ ಆಸುಪಾಸಿನಲ್ಲಿ, ಶಿರಸ್ತ್ರಾಣ ತೆಗೆಯಲು ಅನುಮತಿ ಕೊಡಬಾರದೆಂದೂ ಕೋರುತ್ತೇನೆ.

ತಮ್ಮಲ್ಲಾದರೂ ವಿಶ್ವಾಸವಿಟ್ಟಿರುವ,
ಓರ್ಸೊಲಾ

ಲಗತ್ತು:
೧. ನೀಲಿ ಮೆತ್ತೆ
೨. ನನ್ನ ಮೆತ್ತೆ, ಕಾಳು ಸಹಿತ

ವಿ.ಸೂ.: ತಪಾಸಣೆಯ ನೆಪದಲ್ಲಿ ಕಾಳನ್ನು ತೆಗೆಯಬಾರದೆಂದು ವಿನಂತಿ.