ಅಟ್ಟದ ಮೇಲಿಟ್ಟ ಚೀನಾ ಟೀ

ನಾನು ಜವಾಬ್ದಾರಿಯುಳ್ಳ ಮನುಷ್ಯ. ಇದಕ್ಕೆ ಸಾಕ್ಷಿಯಾಗಿ ನನ್ನ ಬಳಿ ಹನ್ನೊಂದು ಡೈರಿಗಳಿವೆ. ಹೈಸ್ಕೂಲಿನಲ್ಲಿ ಶುರುವಾದ ಚಟ. ಬಾಳೂರಿನ ಕಡೆ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿ ಸೇರಿದ ಮೇಲೆ ಮಳೆ ಎಷ್ಟು ಇಂಚು, ಕೆಲಸಕ್ಕೆ ಬಂದ ಆಳು ಎಷ್ಟು, ಹೆಂಡತಿ ವಿಮಲ ನನ್ನ ಮೇಲೆ ಎಷ್ಟು ಸಲ ರೇಗಿದಳು, ಎಲ್ಲವನ್ನೂ ದಿನಾಂಕ ಹಾಕಿ ಬರೆದಿಟ್ಟಿದ್ದೇನೆ. ಮೂರನೆಯ ಲೆಕ್ಕ ಈಚೆಗೆ ಏರುತ್ತಿದೆ.

2003ರ ಸೆಪ್ಟೆಂಬರ್ 8ರಂದು ಎಸ್ಟೇಟಿನ ಗೌಡರು ನನ್ನನ್ನು ಕರೆಸಿದರು. ಕಾಗದ ಸುತ್ತಿದ, ತಟ್ಟೆಯಷ್ಟಗಲದ ಒಂದು ವಸ್ತುವನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟರು.

"ಚೀನಾದ ಟೀ ಕಣಯ್ಯ. ಹಸಿ ಪು-ಎರ್ ಅಂತಾರೆ. ಎತ್ತರದ ಬೆಟ್ಟದ ಹಳೇ ಮರಗಳ ಎಲೆ, ಒತ್ತಿ ಬಿಲ್ಲೆ ಮಾಡಿರೋದು. ಇಟ್ಟಷ್ಟೂ ರುಚಿ ಏರುತ್ತಂತೆ. ಮುತ್ತಣ್ಣ ಕೊಟ್ಟಿದ್ದು."

ಮುತ್ತಣ್ಣನವರು ಗೌಡರ ಹಾಸ್ಟೆಲ್ ಗೆಳೆಯ. ಟೀ ತೋಟದಲ್ಲಿ ಮ್ಯಾನೇಜರ್ ಆಗಿದ್ದವರು. ಚೀನಾಕ್ಕೆ ಹೋದಾಗ ಇದನ್ನು ತಂದು, "ಏಳು ಮಳೆಗಾಲ ಕಳೀಲಿ, ಆಮೇಲೆ ಇಬ್ಬರೂ ಕೂತು ಕುಡಿಯೋಣ" ಎಂದು ಗೌಡರ ಕೈಲಿಟ್ಟು ಹೋಗಿದ್ದರು. ಈಗ ಏಳನೆಯ ಮಳೆಗಾಲ ಮುಗಿಯುತ್ತ ಬಂದಿತ್ತು. 28ನೇ ತಾರೀಕು ಅವರು ಬರುವವರಿದ್ದರು. ಅವರಿಗಾಗಿ ಗೌಡರು ಮನೆಯೊಳಗೆ ಬಣ್ಣ ಹೊಡೆಸುತ್ತಿದ್ದರು.

"ಬಣ್ಣದ ವಾಸನೆ ಹಿಡಿದ್ರೆ ಟೀ ಕೆಟ್ಟೋಗುತ್ತೆ. ಇಪ್ಪತ್ತು ದಿನ ನಿನ್ನ ಮನೇಲಿರ್ಲಿ. ತೇವ ಆಗಬಾರ್ದು, ವಾಸನೆ ತಾಗಬಾರ್ದು. ಇನ್ನೊಂದು ಏಳು ವರ್ಷ ಕಾಯೋ ವಯಸ್ಸಲ್ಲ ಮಾರಾಯ ನಮ್ಮಿಬ್ರದ್ದು."

"ನೀವು ನಿಶ್ಚಿಂತೆಯಿಂದಿರಿ" ಎಂದೆ.

ಅವರು ನಿಶ್ಚಿಂತೆಯಿಂದಿದ್ದರು. ಅಲ್ಲೇ ಎಡವಟ್ಟಾದದ್ದು!

ಮನೆಯಲ್ಲಿ ಕಾಗದ ಬಿಚ್ಚಿದೆ. ವಿಮಲ ಬಗ್ಗಿ ನೋಡಿದಳು. "ಇದೇನ್ರೀ, ಬೆರಣಿ?"

ಅವಳ ಅಜ್ಞಾನವನ್ನು ಕ್ಷಮಿಸಿ ಎಸ್ಟೇಟಿನ ತಕ್ಕಡಿಯಲ್ಲಿ ತೂಗಿದೆ. 357 ಗ್ರಾಂ. ಬರೆದುಕೊಂಡೆ. ನಮ್ಮ ಕಡೆ ಮಳೆಯಲ್ಲಿ ತೇವವಾಗಬಾರದ್ದೆಲ್ಲ ಹೋಗುವುದು ಒಂದೇ ಜಾಗಕ್ಕೆ: ಒಲೆಯ ಮೇಲಿನ ಅಟ್ಟಕ್ಕೆ. ಹಪ್ಪಳ, ಬಿತ್ತನೆ ಬೀಜ, ಬೆಂಕಿಪೊಟ್ಟಣ ಎಲ್ಲ ಅಲ್ಲೇ. ಟೀಯನ್ನೂ ಹತ್ತಿಸಿದೆ.

"ರೀ, ಅಲ್ಲಿ ಒಣಮೀನಿದೆ, ಬಂಗುಡೆ."

"ಕಟ್ಟಿಟ್ಟಿದೀಯಲ್ಲ?"

"ಪೇಪರಲ್ಲಿ ಕಟ್ಟಿದೀನಿ."

"ಟೀನೂ ಪೇಪರಲ್ಲೇ ಇದೆ. ಎರಡು ಪೇಪರ್ ದಾಟಿ ವಾಸನೆ ಹೇಗೆ ಬರುತ್ತೆ?"

ವಿಮಲ ನನ್ನನ್ನೇ ನೋಡಿ ಒಳಗೆ ಹೋದಳು. 'ವಿಮಲ ಒಪ್ಪಿದಳು' ಎಂದು ಬರೆದುಕೊಂಡೆ.

ಸೆಪ್ಟೆಂಬರ್ 15: ತೂಕ 351 ಗ್ರಾಂ. ಮೇಲೇನೋ ಒಣಗಿತ್ತು, ಒಳಗೆ? ಕಣದಲ್ಲಿ ಕಾಫಿ ಒಣಗಿದೆಯೋ ಇಲ್ಲವೋ ಎಂದು ನಾವು ಕಾಳು ಕಚ್ಚಿ ನೋಡುತ್ತೇವೆ. ಅದೇ ಪದ್ಧತಿಯ ಪ್ರಕಾರ ಬಿಲ್ಲೆಯ ಅಂಚನ್ನು ಕಚ್ಚಿದೆ. ಚೆನ್ನಾಗಿ ಒಣಗಿತ್ತು. ನನ್ನ ಮುಂದಿನ ನಾಲ್ಕು ಹಲ್ಲು ಅದರ ಮೇಲೆ ಸ್ಪಷ್ಟವಾಗಿ ಮೂಡಿದವು. ಬಾಯಲ್ಲಿ ಹೊಗೆ, ಅದರ ಹಿಂದೆ ಇನ್ನೇನೋ ಒಂದು ರುಚಿ ಉಳಿಯಿತು. ಚೀನಾದ ಬೆಟ್ಟದ ಗುಣವಿರಬೇಕು ಎಂದುಕೊಂಡೆ.

ಸೆಪ್ಟೆಂಬರ್ 22: ಅನುಮಾನ ಬಂದು ವಿಮಲಳಿಗೆ ಮೂಸಲು ಕೊಟ್ಟೆ.

"ಬಂಗುಡೆ" ಎಂದಳು.

ಕೂಡಲೇ ಬಿಲ್ಲೆಯನ್ನು ಬಿಸ್ಕತ್ತಿನ ಡಬ್ಬಿಗೆ ಹಾಕಿ, ಒಂದು ಹಿಡಿ ಏಲಕ್ಕಿ ಸುರಿದು ಬಿಗಿಯಾಗಿ ಮುಚ್ಚಿದೆ. ನಾಲ್ಕು ದಿನ ಬಿಟ್ಟು ತೆಗೆದೆ.

"ಈಗ?"

"ಏಲಕ್ಕಿ ಹಾಕಿದ ಬಂಗುಡೆ."

ಗೌಡರಿಗೆ ಆಗಲೇ ಹೇಳಬೇಕಿತ್ತು. ಎರಡು ಸಲ ಅವರ ಮನೆಯ ಗೇಟಿನವರೆಗೆ ಹೋಗಿ ವಾಪಸ್ ಬಂದೆ. ಅದನ್ನೂ ಬರೆದಿಟ್ಟೆ: 'ಗೇಟು, 2 ಸಲ.'

28ರಂದು ಮುತ್ತಣ್ಣನವರು ಬಂದರು. ಗೆಳೆಯರಿಬ್ಬರೂ ಹೊಸ ಬಣ್ಣದ ಹಜಾರದಲ್ಲಿ ಹುಡುಗರಂತೆ ನಗುತ್ತ ಕೂತರು. ಟೀ ಮಾಡುವ ಕೆಲಸವೂ ನನ್ನದೇ. ಮಾಡುವ ಕ್ರಮವನ್ನು ಮುತ್ತಣ್ಣನವರು ಚೀಟಿಯಲ್ಲಿ ಬರೆದುಕೊಟ್ಟರು. ಮೊದಲು ಹಾಕಿದ ಬಿಸಿನೀರು ಚೆಲ್ಲಬೇಕು. ಮತ್ತೆ ನೀರು ಹಾಕಿ, ಹತ್ತು ಎಣಿಸಿ, ಬಗ್ಗಿಸಬೇಕು.

ಚೆಲ್ಲುವುದೇ? ಮೊದಲ ಡಿಕಾಕ್ಷನ್ನನ್ನೇ? ಬಂದ ನೆಂಟರಿಗೆ ಮೊದಲ ಡಿಕಾಕ್ಷನ್, ಎರಡನೆಯದು ಮನೆಯವರಿಗೆ ಎಂದು ಕಲಿತು ಬೆಳೆದವನು ನಾನು! ಚೀನಾದವರಿಗೆ ಫಿಲ್ಟರ್ ಗೊತ್ತಿಲ್ಲ, ಪಾಪ. ಬಿಲ್ಲೆಯ ಅಂಚು ಮುರಿದು, ಪುಡಿ ಮಾಡಿ, ಗೌಡರ ಹಿತ್ತಾಳೆ ಫಿಲ್ಟರಿಗೆ ಒತ್ತಿ ತುಂಬಿ, ಅರ್ಧ ಗಂಟೆ ಇಳಿಸಿದೆ. ಒಂದು ತೊಟ್ಟೂ ಚೆಲ್ಲಲಿಲ್ಲ.

ಇಬ್ಬರೂ ಒಟ್ಟಿಗೆ ಬಾಯಿಗಿಟ್ಟರು. ನಗು ನಿಂತಿತು.

"ಗೌಡ, ಇದನ್ನ ಎಲ್ಲಿಟ್ಟಿದ್ದೆ ಮಾರಾಯ?" ಮುತ್ತಣ್ಣನವರು ಮೆಲ್ಲಗೆ ಕೇಳಿದರು.

"ನಮ್ಮ ರೈಟರ್ ಹತ್ರ. ತುಂಬ ಶಿಸ್ತಿನೋನು, ದಿನಾ ಬರೆದಿಡ್ತಾನೆ. ಎಲ್ಲಯ್ಯ ನಿನ್ನ ಡೈರಿ? ಕೊಡು."

ಡೈರಿ ಕಂಕುಳಲ್ಲೇ ಇತ್ತು. ಹೊಗಳಿಕೆ ಸಿಕ್ಕೀತೆಂದು ಮೊನ್ನೆಯವರೆಗೆ ಕನಸು ಕಂಡ ಡೈರಿ!

ಮುತ್ತಣ್ಣನವರು ಕನ್ನಡಕ ಹಾಕಿ ಗಟ್ಟಿಯಾಗಿ ಓದಿದರು. "ಒಲೆಯ ಅಟ್ಟ. ಎಡಕ್ಕೆ ಹಪ್ಪಳ, ಬಲಕ್ಕೆ ಒಣಮೀನು." ಪುಟ ತಿರುವಿದರು. "ಕಚ್ಚಿ ನೋಡಿದೆ." ಬಿಲ್ಲೆಯನ್ನು ತರಿಸಿ ಹಲ್ಲಿನ ಗುರುತಿನ ಮೇಲೆ ಬೆರಳಾಡಿಸಿದರು. "ಏಲಕ್ಕಿ ಬಂಗುಡೆ. ಗೇಟು, 2 ಸಲ." ಅಕ್ಷರ ಸ್ಫುಟವಾಗಿತ್ತು. ಎಲ್ಲೂ ತಡವರಿಸುವ ಹಾಗಿರಲಿಲ್ಲ.

ಗೌಡರು ಬೈಯಲಿಲ್ಲ. ಲೋಟ ಕೆಳಗಿಟ್ಟು ಕಿಟಕಿಯಾಚೆ ನೋಡುತ್ತ ಕೂತರು. ಬೈದಿದ್ದರೆ ಬರೆದುಕೊಳ್ಳಬಹುದಿತ್ತು. ಅವರ ಏಳು ಮಳೆಗಾಲ ನನ್ನ ಒಂದು ಒಲೆಯಲ್ಲಿ ಹೋಗಿತ್ತು. ತಲೆ ಎತ್ತಲಾಗದೆ ನೆಲದ ಕೆಂಪು ಸಿಮೆಂಟು ನೋಡುತ್ತ ನಿಂತೆ.

ಮುತ್ತಣ್ಣನವರೇ ಎದ್ದು ಅಡುಗೆಮನೆಗೆ ಹೋದರು. ಬಿಲ್ಲೆಯ ನಟ್ಟನಡುವಿನಿಂದ ಎಲೆ ಬಿಡಿಸಿದರು. ಮೊದಲ ನೀರು ಚೆಲ್ಲಿದರು. ಎರಡನೆಯದು ಮೂಸಿ ಚೆಲ್ಲಿದರು. ಮೂರನೆಯದನ್ನೂ ಚೆಲ್ಲಿದರು. ನಾಲ್ಕನೆಯದನ್ನು ಸೊರ್ರನೆ ಹೀರಿ, "ಬಾರೋ ಗೌಡ" ಎಂದು ಕೂಗಿದರು.

ಇಬ್ಬರೂ ಒಲೆಯ ಪಕ್ಕದಲ್ಲೇ ನಿಂತು ಒಂಬತ್ತನೆಯ ನೀರಿನವರೆಗೂ ಕುಡಿದರು. ನನಗೂ ಒಂದು ಲೋಟ ಕೊಟ್ಟರು. ಮೊದಲು ಬೇವಿನಂಥ ಕಹಿ. ನುಂಗಿದ ಮೇಲೆ ಗಂಟಲಿನಿಂದ ಮೆಲ್ಲಗೆ ಸಿಹಿ ಏರಿತು. ನನ್ನ ಯೋಗ್ಯತೆಗೆ ಮೀರಿದ ಸಿಹಿ.

"ಮೊದಲ ನೀರು ಚೆಲ್ಲೋದು ಇದಕ್ಕೇ ಕಣಪ್ಪ" ಎಂದರು ಮುತ್ತಣ್ಣನವರು.

ಹೊರಡುವಾಗ, ಉಳಿದ ಬಿಲ್ಲೆಯನ್ನು ಜೋಪಾನ ಮಾಡಲೇ ಎಂಬಂತೆ ಅಭ್ಯಾಸಬಲದಿಂದ ಕೈ ಚಾಚಿಬಿಟ್ಟೆ. ಗೌಡರು ಅದನ್ನು ಎದೆಗೆ ಅವಚಿಕೊಂಡರು.

"ಇಲ್ಲೇ ಇರ್ಲಿ. ಬಣ್ಣದ ವಾಸನೆ ಪರವಾಗಿಲ್ಲ."

ಹನ್ನೊಂದು ಡೈರಿಗಳಲ್ಲಿ ನಾನು ಬರೆಯದೆ ಬಿಟ್ಟ ಮಾತು ಅದೊಂದೇ.

ಅಂದು ಮಧ್ಯಾಹ್ನ ಮನೆಯಲ್ಲಿ ವಿಮಲ ಅಟ್ಟದ ಮೇಲಿನ ಮೀನನ್ನು ಇಳಿಸಿ ಹುರಿದು ಬಡಿಸಿದಳು. ಒಂದು ತುಂಡು ಬಾಯಿಗಿಟ್ಟು ಅಗಿಯುವುದನ್ನು ನಿಲ್ಲಿಸಿದೆ.

"ಏನಾಯ್ತು?"

"ಇದರಲ್ಲೇನೋ ಒಂಥರಾ ವಾಸನೆ."

"ಟೀ" ಎಂದಳು. "ಬರ್ಕೊಳ್ಳಿ!"