ಮರ್ಯಾದೆಗೇಡಿ ‘ಏ’

ಇಬ್ರಾಹಿಂಪುರದ ಬಸಗೊಂಡಪ್ಪನವರು ಮಧ್ಯಾಹ್ನದ ರೊಟ್ಟಿ ಮುಗಿಸಿ, ಮೀಸೆ ಒರೆಸಿಕೊಂಡು, ಸುಲ್ತಾನರ ಗತ್ತಿನಲ್ಲಿ ಘೋಷಿಸಿದರು: “ಇವತ್ತಿನಿಂದ ಈ ಮನ್ಯಾಗ ಸ್ಕ್ಯಾನರ್ ಎಲ್ಲಾರದು!”

ಎಲ್ಲರೂ ಅಂದರೆ ಹೆಂಡತಿ ಲಕ್ಕವ್ವ ಒಬ್ಬಳೇ. ಆಕೆ ಕಸೂತಿಯ ಚಿತ್ತಾರ ಬರೆದು, ಸ್ಕ್ಯಾನ್ ಮಾಡಿ ಕಳಿಸಿದರೆ, ತಿಕೋಟಾದ ಗೆಳತಿ ಸುರೈಯಾ ಅದನ್ನು ಕುಬಸಕ್ಕೆ ಏರಿಸುತ್ತಿದ್ದಳು. ಆದರೆ ಸೊಲ್ಲಾಪುರ ರಸ್ತೆಯ ಅಂಗಡಿಯಲ್ಲಿ ಮೋಟಾರಿಗೆ ತಂತಿ ಸುತ್ತುತ್ತಲೇ ತಾವೇ ಕಂಪ್ಯೂಟರ್ ಕಲಿತಿದ್ದ ಬಸಗೊಂಡಪ್ಪನವರು ಮನೆಯ ಕಂಪ್ಯೂಟರಿಗೆ ಲಿನಕ್ಸ್ ಎಂಬ ಹೊಸ ವ್ಯವಸ್ಥೆ ಹಾಕಿದ್ದೇ ಹಾಕಿದ್ದು, ಸ್ಕ್ಯಾನರ್ ಅವರ ಪಾಸ್‌ವರ್ಡಿಗೆ ಮಾತ್ರ ಕಣ್ಣು ಬಿಡತೊಡಗಿತು. ಲಕ್ಕವ್ವ ತನ್ನ ಹೆಸರಿನಿಂದ ಒಳಹೊಕ್ಕರೆ, ‘ಅನುಮತಿ ಇಲ್ಲ’!

“ನೀ ಸಾಮಾನ್ಯ ಬಳಕೆದಾರಳಬೇ, ಅದಕ್ಕ.”

“ಯಾರಿಗಂತೀರಿ ಸಾಮಾನ್ಯ? ಸಂಜೀ ಬಸ್ಸಿಗೆ ನೀವು ಬಬಲೇಶ್ವರಕ್ಕ ತಂಗಿ ಮನೀಗೆ ಹೋಗಾವ್ರು. ಸುರೈಯಾ ಮದುಮಗಳ ಕುಬಸಕ್ಕ ನವಿಲು ಕೇಳ್ಯಾಳ. ಮುಟ್ಟಲಿಲ್ಲಂದ್ರ ಕೆಲಸ ಬ್ಯಾರೇದವ್ರ ಪಾಲು. ಪಾಸ್‌ವರ್ಡ್ ಹೇಳಿ ಹೋಗ್ರಿ!”

“ಪಾಸ್‌ವರ್ಡಾ! ಸುಲ್ತಾನ ಊರಿಗೆ ಹೋಗುವಾಗ ಕಿರೀಟ ಗೂಟಕ್ಕ ಸಿಗಿಸಿ ಹೋಗತಾನೇನ?”

ಪಾಸ್‌ವರ್ಡ್ ಕೊಡದೆಯೇ ದಾರಿ ಹುಡುಕಲು, ಸ್ಟೇಷನ್ ರಸ್ತೆಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಅಶ್ಫಾಕನಿಗೆ ಫೋನು ಹೋಯಿತು.

“ಸರಳ ಐತ್ರಿ ಕಾಕಾ. ಸ್ಕ್ಯಾನರ್ ಅನ್ನೂ ಗುಂಪಿಗೆ ಹೆಸರು ಸೇರಿಸಿದ್ರ ಆತು. ಮೊದಲ ಸುಡೋ ಅಂತ ಬರೀರಿ.”

“ಏನು ಸುಡೂದು?”

“ಸುಡೂದಲ್ರೀ, ಸುಡೋ! ಯಜಮಾನನ ಹುಕುಂ ಅಂತ ಅದಕ್ಕ. ಮುಂದ ಯೂಸರ್‌ಮಾಡ್. ಒಂದು ಅಡ್ಡಗೆರಿ. ಏ! ಜಿ...”

ಬಸಗೊಂಡಪ್ಪನವರ ಹುಬ್ಬು ಮೇಲೇರಿತು. ನಿನ್ನೆ ಮೊನ್ನೆ ಅಂಗಡಿ ತೆರೆದವ ತಮಗೆ ‘ಏ’ ಅನ್ನುವುದೇ! ದೊಡ್ಡ ಮನಸ್ಸು ಮಾಡಿ ಆ ‘ಏ’ಯನ್ನು ಗಾಳಿಗೆ ಬಿಟ್ಟು, ‘ಜಿ’ಯನ್ನಷ್ಟೇ ಬರೆದರು. ಪ್ರಯೋಗಕ್ಕಿರಲೆಂದು ಮೊದಲು ತಮ್ಮದೇ ಹೆಸರು ಹಾಕಿದರು. ಕಂಪ್ಯೂಟರಿನಿಂದ ಹೊರಬಂದು ಮತ್ತೆ ಒಳಹೊಕ್ಕರು.

ಆಹಾ! ಪಾಸ್‌ವರ್ಡ್ ಕೇಳದೆಯೇ ಸ್ಕ್ಯಾನರ್ ಗುಂಯ್ ಎಂದಿತು. ಗಾಜಿನಡಿ ಬೆಳಕು ಬೆಳ್ದಿಂಗಳಂತೆ ತೆವಳಿತು. ಅದನ್ನೇ ನೋಡುತ್ತ ನೋಡುತ್ತ ಬಸಗೊಂಡಪ್ಪನವರ ರೆಪ್ಪೆಗಳು ಭಾರವಾದವು. ಗುಮ್ಮಟದಡಿ ಸಿಂಹಾಸನ, ಅದರ ಮೇಲೆ ಅವರು! ದಾರದ ನವಿಲುಗಳು ಬಣ್ಣ ಎಳೆದುಕೊಂಡು ಸಾಲಾಗಿ ಬಂದು, “ಯಪ್ಪಾ, ಗಾಜಿನ ಮ್ಯಾಲ ಕುಂದರ್ಲ್ಯಾ?” ಎನ್ನುತ್ತಿವೆ. ಇವರು ಕೈಯೆತ್ತಿದರೆ ಸಾಕು, ಗೋಡೆ ಗೋಡೆಯೂ ಪಿಸುಗುಡುತ್ತದೆ: ಅಪ್ಪಣೆ ಕೊಟ್ಟಾರ... ಕೊಟ್ಟಾರ... ಕೊಟ್ಟಾರ...

“ಏಳ್ರಿ! ಬಸ್ಸಿನ ಹೊತ್ತಾತು. ನನ್ನ ಹೆಸರು ಹಾಕ್ರಿ!”

ಗುಮ್ಮಟ ಕುಸಿಯಿತು. ಬಸಗೊಂಡಪ್ಪನವರು ಗಡಬಡಿಸಿ ಲಕ್ಕವ್ವನ ಹೆಸರು ಬಡಿದರು. ಪರದೆ ಸೆಟೆದು ನಿಂತಿತು: ‘ನಿಮಗೆ ಈ ಅಧಿಕಾರವಿಲ್ಲ. ಈ ಘಟನೆಯನ್ನು ವರದಿ ಮಾಡಲಾಗುವುದು.’

“ವರದಿ? ಯಾರಿಗೆ ಮಾಡ್ತಾನ ಇಂವಾ?”

“ನನಗ ಮಾಡ್ಯಾನ. ಹಿಂದ ನಿಂತು ಓದಾಕತ್ತೇನಿ,” ಎಂದಳು ಲಕ್ಕವ್ವ.

ಮತ್ತೆ ಫೋನು. “ಕಾಕಾ, ಏ ಬರದ್ರಿ ಹೌದಿಲ್ಲೋ?”

“ಹಿರ್ಯಾರಿಗೆ ಏ ಅಂದ್ರ ಅದನ್ನೂ ಬರಕೋಬೇಕೇನಲೇ?”

“ಯಪ್ಪಾ! ಅದು ಇಂಗ್ಲಿಷ್ ಅಕ್ಷರರೀ! ಏ ಅಂದ್ರ ಇದ್ದ ಗುಂಪಿನ ಜೋಡಿ ಇದೂ ಇರಲಿ ಅಂತ್ರಿ. ಅದು ಇಲ್ದಿದ್ರ ಬಾಕಿ ಗುಂಪಿನಿಂದೆಲ್ಲಾ ಕಿತ್ತು ಒಗೀತೈತಿ. ಯಜಮಾನಕೀನೂ ಹೋತು. ನೀವೀಗ ಸಾಮಾನ್ಯ ಬಳಕೆದಾರ್ರು!”

ಲಕ್ಕವ್ವ ಫೋನು ಕಸಿದುಕೊಂಡಳು. ಅಶ್ಫಾಕ ಹೇಳಿದಂತೆ ಕಂಪ್ಯೂಟರನ್ನು ಆರಿಸಿ ಹೊತ್ತಿಸಿ, ದುರಸ್ತಿಯ ಹಿಂಬಾಗಿಲಿನಿಂದ ಒಳಹೊಕ್ಕು, ಕನ್ನಡಕ ಏರಿಸಿಕೊಂಡು ಅಕ್ಷರಕ್ಕೆ ಅಕ್ಷರ ಬಡಿದಳು. ಅವಳ ಹೆಸರಿನಲ್ಲೇ ಸ್ಕ್ಯಾನರ್ ಗುಂಯ್ ಎಂದಿತು. ನವಿಲು ಗರಿ ಬಿಚ್ಚಿ ತಿಕೋಟಾಕ್ಕೆ ಹಾರಿತು!

ಬಸಗೊಂಡಪ್ಪನವರು ಕೈಚೀಲ ಹಿಡಿದು ಹೊಸ್ತಿಲಲ್ಲಿ ತಡವರಿಸಿದರು. “ಮತ್ತ ನನ್ನ ಯಜಮಾನಕಿ?”

“ನನ್ನ ಹೆಸರಿಗೆ ಮಾಡಿಕೊಂಡೇನಿ. ಊರಿಂದ ಬರ್ರಿ, ನಡತಿ ನೋಡಿ ವಿಚಾರ ಮಾಡೂಣು.”

“ಅದಿರಲಿ... ಅಂವಾ ಏ ಅಂದಾಗ ನಿನಗ ಸಿಟ್ಟು ಬರಲಿಲ್ಲೇನ?”

“ಯಾಕ ಬರತೈತ್ರಿ? ಮದುವ್ಯಾದಾಗಿಂದ ನೀವು ಬ್ಯಾರೇ ಹೆಸರಲೆ ಕರದೀರೇನು? ಅಂವಾ ಏ ಅಂದ. ನನ್ನ ಹೆಸರ ಹೇಳ್ಯಾನ ಅಂತ ಬರದೆ!”