ಹರಿಯದ ಬಟ್ಟೆಯ ಹುಡುಕಾಟ

ಯಾವ ವಸ್ತುವನ್ನು ಕಂಡರೂ ಇದು ಎಲ್ಲಿ ಹರಿಯುತ್ತದೆ, ಎಲ್ಲಿ ಮುರಿಯುತ್ತದೆ ಎಂಬುದೇ ನನಗೆ ಮೊದಲು ಕಾಣುತ್ತದೆ. ಇದು ನನ್ನ ಹುಟ್ಟುಗುಣ. ಮದುವೆಮನೆಯಲ್ಲಿ ಎಲ್ಲರೂ ಮದುಮಗಳ ಸೀರೆಯ ಬಣ್ಣ ಮೆಚ್ಚಿಕೊಳ್ಳುತ್ತಿದ್ದರೆ ನಾನು ಅದರ ಸೆರಗಿನ ತುದಿಯಲ್ಲಿ ಜರಿ ಬಿಡುತ್ತಿರುವುದನ್ನು ನೋಡಿ ಒಳಗೊಳಗೇ ಕೊರಗುತ್ತಿರುತ್ತೇನೆ. ಹೊಸ ಚಪ್ಪಲಿ ಮೆಟ್ಟಿದ ದಿನವೇ ಅದು ಕಿತ್ತುಹೋಗುವ ದಿನದ ಚಿಂತೆ ಹತ್ತಿಕೊಳ್ಳುತ್ತದೆ. "ನಿಮ್ಮ ಮುಖ ನೋಡಿದ್ರೆ ಯಾರೋ ಹೋಗ್ಬಿಟ್ಟಿದಾರೆ ಅನ್ಸತ್ತೆ" ಎನ್ನುತ್ತಾಳೆ ನನ್ನ ಹೆಂಡತಿ ವಿಶಾಲು. ಯಾರೂ ಹೋಗಿರುವುದಿಲ್ಲ. ಬನಿಯನ್ನಿನ ಕಂಕುಳಲ್ಲಿ ಒಂದು ತೂತು ಬಿದ್ದಿರುತ್ತದೆ, ಅಷ್ಟೆ.

ಈ ಗುಣದಿಂದ ನಮ್ಮ ಬಳಗದಲ್ಲಿ ನನಗೊಂದು ಹೆಸರೂ ಬಂದಿದೆ. ಗಟ್ಟಿ ಬಟ್ಟೆ ತೆಗೆಯಬೇಕೆಂದರೆ ಚಾಮರಾಜಪೇಟೆಗೆ ಬಂದು ನನ್ನನ್ನು ಹೊರಡಿಸಿಕೊಂಡು ಚಿಕ್ಕಪೇಟೆಗೆ ಹೋಗಬೇಕು ಎಂಬುದು ಎಲ್ಲರಿಗೂ ಗೊತ್ತು. ಕಚೇರಿಯಲ್ಲಿ ನಾನು ಲೆಕ್ಕಕ್ಕಿಲ್ಲದ ಗುಮಾಸ್ತ. ಶೆಟ್ಟರ ಬಟ್ಟೆ ಅಂಗಡಿಯಲ್ಲಿ ಮಾತ್ರ ನಾನು ಕಾಲಿಟ್ಟರೆ ಹುಡುಗರು ತೆಳ್ಳನೆಯ ಬಟ್ಟೆಯ ಥಾನುಗಳನ್ನು ತಾವೇ ಒಳಗಿಡುತ್ತಾರೆ. ನಾನು ಬಟ್ಟೆಯನ್ನು ಹೆಬ್ಬೆರಳುಗಳ ನಡುವೆ ಹಿಡಿದು ಎಳೆಯುತ್ತೇನೆ, ಬೆಳಕಿಗೆ ಹಿಡಿಯುತ್ತೇನೆ, ಕೊನೆಗೆ ಒಂದು ನೂಲು ಕಿತ್ತು ಹಲ್ಲಿನಲ್ಲಿ ಕಚ್ಚಿ ನೋಡುತ್ತೇನೆ. "ಬಟ್ಟೆ ಸಾರ್ ಅದು, ಚಕ್ಕುಲಿ ಅಲ್ಲ" ಎಂದು ಶೆಟ್ಟರು ಪ್ರತಿಸಲವೂ ಹೇಳುತ್ತಾರೆ. ಬಟ್ಟೆ ಕೊಂಡ ಮೇಲೆ ನಮ್ಮ ಬೀದಿಯ ದರ್ಜಿ ನಂಜಪ್ಪನವರಿಗೆ ಕೊಟ್ಟು ನಾನು ಹೇಳುವುದು ಒಂದೇ ಮಾತು, "ಒಳಗೆ ಬಟ್ಟೆ ಬಿಡಿ." ಮಕ್ಕಳಿರುವ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಂಚಿನಲ್ಲಿ ಗೇಣುದ್ದ ಮಡಿಸಿ ಹೊಲಿಸುವುದು, ಮಗು ಬೆಳೆದ ಹಾಗೆ ವರ್ಷಕ್ಕೊಂದು ಮಡಿಕೆ ಬಿಚ್ಚುವುದು. ನನ್ನ ಮಗಳು ಉಷಾಳ ಶಾಲೆಯ ಲಂಗದ ಮೇಲೆ ಬಿಚ್ಚಿದ ಮಡಿಕೆಗಳ ಗೆರೆ ನೋಡಿಯೇ ಅವಳು ಯಾವ ತರಗತಿ ಎಂದು ಹೇಳಬಹುದಿತ್ತು. ಅದಕ್ಕಾಗಿ ಅವಳು ಅತ್ತದ್ದೂ ಉಂಟು. ಅತ್ತರೂ ಲಂಗ ಹರಿಯಲಿಲ್ಲ.

ಈ ಉಷಾ ಪ್ರಾಣಿಶಾಸ್ತ್ರ ಓದಿದಳು. ತೊಂಬತ್ತರ ದಶಕದ ನಡುವಿನ ಮಾತು. ಒಂದು ಭಾನುವಾರ ಉಪ್ಪಿಟ್ಟು ತಿನ್ನುತ್ತ, ಘಟ್ಟದ ಕಾಡಿನಲ್ಲಿ ಸಿಂಗಳೀಕಗಳ ಅಧ್ಯಯನಕ್ಕೆ ತನ್ನನ್ನು ತೆಗೆದುಕೊಂಡಿದ್ದಾರೆ, ಅಲ್ಲೇ ಗುಡಿಸಲಿನಲ್ಲಿ ಇರಬೇಕು ಎಂದಳು.

"ಎಷ್ಟು ದಿನ?" ಎಂದೆ.

"ದಿನ ಅಲ್ಲಪ್ಪ, ವರ್ಷಪೂರ್ತಿ. ಮಳೆಗಾಲಾನೂ ಸೇರಿ. ಆಮೇಲೂ ಇರಬಹುದು."

ವಿಶಾಲು ಸ್ವಲ್ಪ ಅತ್ತಳು, ಆಮೇಲೆ ಅಲ್ಲಿ ಅಡಿಗೆ ಯಾರು ಮಾಡುತ್ತಾರೆ ಎಂದು ಕೇಳಿದಳು. ನನಗೆ ಹೋಗಬೇಡ ಎನ್ನಬೇಕೆನಿಸಿತು. ಆದರೆ ಅವಳ ಮುಖದಲ್ಲಿ ಸಂತೋಷವಿತ್ತು. "ಮಳೆಗೆ ಏನು ಹಾಕ್ಕೋತೀಯ?" ಎಂದಷ್ಟೇ ಕೇಳಿದೆ. ಅವಳ ಜೊತೆ ಹೋಗಿ ಮಳೆಗೂ ಅವಳಿಗೂ ನಡುವೆ ನಾನು ನಿಲ್ಲುವಂತಿರಲಿಲ್ಲ. ನಾನು ಆರಿಸಿದ ಬಟ್ಟೆಯಾದರೂ ನಿಲ್ಲಲಿ ಎಂಬ ಹಟ ಆ ಉಪ್ಪಿಟ್ಟಿನ ತಟ್ಟೆಯ ಮುಂದೆಯೇ ನನ್ನಲ್ಲಿ ಹುಟ್ಟಿಕೊಂಡಿತು.

ಅವಳ ಗೆಳತಿಯೊಬ್ಬಳು ನೈಲಾನಿನ ಪ್ಯಾಂಟು ಕೊಟ್ಟಿದ್ದಳು. "ಇದು ಸಾಕಪ್ಪ, ಬೇಗ ಒಣಗತ್ತೆ" ಎಂದಳು ಉಷಾ. ನಾನು ಅದನ್ನು ಬೆಳಕಿಗೆ ಹಿಡಿದೆ. ಎದುರುಮನೆಯ ತುಳಸಿಕಟ್ಟೆ ಕಾಣಿಸಿತು. "ಇದು ಈರುಳ್ಳಿ ಸಿಪ್ಪೆ" ಎಂದು ಪಕ್ಕಕ್ಕಿಟ್ಟೆ. ಅಲ್ಲಿಂದ ಶುರುವಾಯಿತು ನನ್ನ ಅಲೆದಾಟ. ಹಳೆಯ ಮಿಲಿಟರಿ ಸಾಮಾನು ಮಾರುವ ಅಂಗಡಿಯಿಂದ ಒಂದು ರಬ್ಬರು ಹಚ್ಚಿದ ಕ್ಯಾನ್ವಾಸ್ ಕೋಟು ತಂದೆ. ಪರೀಕ್ಷೆ ಮಾಡದೆ ಮಗಳಿಗೆ ಕೊಡುವುದು ಹೇಗೆ? ಅದನ್ನು ತೊಟ್ಟು ಬಚ್ಚಲಲ್ಲಿ ಮಣೆ ಹಾಕಿಕೊಂಡು ಕುಳಿತೆ. ವಿಶಾಲು ಹಂಡೆಯಿಂದ ಚೊಂಬುಚೊಂಬಾಗಿ ತಲೆಯ ಮೇಲೆ ನೀರು ಸುರಿದಳು. ಹಬ್ಬದ ದಿನವೂ ಅಷ್ಟು ಮನಸ್ಸಿಟ್ಟು ನೀರು ಹಾಕಿದವಳಲ್ಲ. ಹೊರಗಿನ ನೀರು ಒಂದು ಹನಿಯೂ ಒಳಗೆ ಬರಲಿಲ್ಲ. ಒಳಗಿನ ಬೆವರು ಒಂದು ಹನಿಯೂ ಹೊರಗೆ ಹೋಗಲಿಲ್ಲ. ಕೋಟು ಬಿಚ್ಚಿದಾಗ ನಾನು ಪೂರ್ತಿ ಒದ್ದೆಯಾಗಿದ್ದೆ. ಆದರೂ ಕೋಟು ಪಾಸಾಯಿತು ಎಂದೇ ತೀರ್ಮಾನಿಸಿದೆ. ಅದೇ ಅಂಗಡಿಯ ಬೂಟುಗಳನ್ನು ಹಾಕಿಕೊಂಡು ಉಷಾ ಬೀದಿಯ ತುದಿಯವರೆಗೆ ಹೋಗಿ ಬಂದಳು. "ಇವನ್ನ ಹೊರೋಕೆ ಒಂದು ಆನೆ ಕೊಡಿಸು, ಕಾಡಲ್ಲೇ ಸಿಗತ್ತೆ" ಎಂದು ಮೆಟ್ಟಿಲ ಮೇಲೆ ಕುಸಿದಳು.

ಪ್ಯಾಂಟಿನ ಬಟ್ಟೆಗೆ ಶೆಟ್ಟರಲ್ಲಿಗೇ ಹೋದೆ. ಥಾನಿನ ಮೇಲೆ ಥಾನು ಎಳೆದು ನೋಡಿದೆ. ಕೊನೆಗೆ ಅವರು ಏಣಿ ಹಾಕಿಸಿ ಅಟ್ಟದ ಮೂಲೆಯಿಂದ ಒಂದು ಖಾಕಿ ಥಾನು ಇಳಿಸಿದರು. ಎಳೆದರೆ ನನ್ನ ಬೆರಳುಗಳೇ ನೊಂದವು. "ಇದು ನಿಮ್ಮ ಕಾಲದಾಚೆಗೂ ಬಾಳಿಕೆ ಬರುತ್ತೆ ಸಾರ್" ಎಂದರು ಶೆಟ್ಟರು. ಬಟ್ಟೆಯ ವಿಷಯದಲ್ಲಿ ಯಾರೂ ನನಗೆ ಅಷ್ಟು ಸಮಾಧಾನದ ಮಾತು ಹೇಳಿರಲಿಲ್ಲ. ನಂಜಪ್ಪನವರ ಮುಂದೆ ಹರಡಿ ಎಂದಿನ ಮಾತನ್ನೇ ಹೇಳಿದೆ. ಅವರು ಟೇಪನ್ನು ಕೊರಳಿಗೆ ಹಾಕಿಕೊಂಡು ನನ್ನ ಮುಖ ನೋಡಿದರು.

"ಮಗೂಗೆ ಮದುವೆ ವಯಸ್ಸಾಯ್ತು ಸಾರ್. ಇನ್ನೆಲ್ಲಿ ಬೆಳೀತಾಳೆ?"

"ಬಿಡಿ ನಂಜಪ್ಪ. ಇರಲಿ" ಎಂದೆ.

ಅವರು ಕಾಲಿನಂಚಿನಲ್ಲಿ ಗೇಣುದ್ದ ಮಡಿಸಿ ಹೊಲಿದರು. ವಿಶಾಲು ಹೊಸ ಬಟ್ಟೆಯ ಮೂಲೆಗೆ ಅರಿಶಿನ ಹಚ್ಚಿದಳು. ಬಸ್ ನಿಲ್ದಾಣದಲ್ಲಿ ಉಷಾ ಕಿಟಕಿಯ ಪಕ್ಕ ಕುಳಿತ ಮೇಲೆ, "ಮತ್ತೆ ಯಾವಾಗ ಬರ್ತೀಯ?" ಎಂದು ಕೇಳಿದೆ.

"ನಿನ್ನ ಪ್ಯಾಂಟ್ ಹರಿದ ತಕ್ಷಣ ಬಂದ್ಬಿಡ್ತೀನಿ ಅಪ್ಪ. ಹೊಸದು ಆರಿಸೋಕೆ ನೀನೇ ಬೇಕಲ್ಲ" ಎಂದು ನಕ್ಕಳು. ನಾನೂ ನಕ್ಕೆ. ಬಸ್ಸು ತಿರುವು ದಾಟಿ ಮರೆಯಾದ ಮೇಲೆ ನಾನು ಕೊಂಡದ್ದು ಎಂಥ ಬಟ್ಟೆ ಎಂಬುದು ನೆನಪಾಗಿ ನಗು ನಿಂತಿತು.

ಆಮೇಲೆ ಕಾಯುವ ಕೆಲಸ. ಉಷಾ ದಿನಸಿಗೆಂದು ಘಟ್ಟ ಇಳಿದು ಪೇಟೆಗೆ ಬಂದಾಗ ಎಸ್‌ಟಿಡಿ ಬೂತಿನಿಂದ ಫೋನು ಮಾಡುತ್ತಿದ್ದಳು. ಬೆಂಗಳೂರಿನಲ್ಲಿ ನಾಲ್ಕು ಹನಿ ಬಿದ್ದರೂ ನನಗೆ ಊಟ ಸೇರುತ್ತಿರಲಿಲ್ಲ. ಮಳೆಗಾಲ ಅರ್ಧ ಕಳೆದ ಮೇಲೆ ಒಂದು ಸಂಜೆ ಫೋನು ಬಂತು. ನಾನು ಮೊದಲು ಕೋಟಿನ ಕ್ಷೇಮ ವಿಚಾರಿಸಿದೆ.

"ಚೆನ್ನಾಗಿದೆ. ಸೌದೆ ಮೇಲೆ ಹೊದಿಸಿದೀವಿ. ಸೌದೆ ಒಂಚೂರೂ ನೆನೆದಿಲ್ಲ."

"ಬೂಟು?"

"ಒಂದರಲ್ಲಿ ಕಪ್ಪೆ ಇದೆ ಅಪ್ಪ. ಓಡಿಸೋಕೆ ಮನಸ್ಸು ಬರಲಿಲ್ಲ."

ಪ್ಯಾಂಟಿನ ಬಗ್ಗೆ ಕೇಳಲು ಧೈರ್ಯ ಬರಲಿಲ್ಲ. ಅವಳೇ ಹೇಳಿದಳು. ಒಂದು ಸಲ ನೆನೆದದ್ದು ವಾರವಾದರೂ ಒಣಗಲಿಲ್ಲವಂತೆ. "ಮತ್ತೆ ನೀನು ಒಳಗೆ ಬಟ್ಟೆ ಬಿಡಿಸಿದ್ಯಲ್ಲ, ಆ ಮಡಿಕೆ ಒಳಗೆ ಜಿಗಣೆಗಳು ಸಂಸಾರ ಹೂಡಿದ್ವು."

ನಾನು ಫೋನಿನ ಪಕ್ಕದ ಸ್ಟೂಲಿನ ಮೇಲೆ ಕುಳಿತುಬಿಟ್ಟೆ. ಮಗಳ ರಕ್ತ ಹೀರುವ ಹುಳುಗಳಿಗೆ ಗೂಡು ಹೊಲಿಸಿ ಕೊಟ್ಟ ತಂದೆ ನಾನು. "ಈಗ ಏನು ಹಾಕ್ಕೋತಿದೀಯ?" ಎಂದೆ.

"ಈರುಳ್ಳಿ ಸಿಪ್ಪೆ" ಎಂದಳು. ಹಿಂದೆಯೇ ಸಮಾಧಾನವನ್ನೂ ಹೇಳಿದಳು. "ಬೇಜಾರು ಮಾಡ್ಕೋಬೇಡ ಕಣಪ್ಪ. ನಿನ್ನ ಪ್ಯಾಂಟಿನ ಹೊಲಿಗೆ ಬಿಚ್ಚಿ ಜಿಗಣೆ ಚೀಲ ಹೊಲ್ಕೊಂಡಿದೀನಿ. ಮಂಡಿವರೆಗೆ ಕಾಲುಚೀಲದ ಥರ ಹಾಕ್ಕೊಂಡು ಕಟ್ಕೊಳ್ಳೋದು. ನೇಯ್ಗೆ ಸಡಿಲ ಇದ್ರೆ ಜಿಗಣೆ ತೂರಿಬಿಡತ್ತೆ. ಇದರಲ್ಲಿ ಒಂದೂ ತೂರಿಲ್ಲ. ಇಲ್ಲಿ ಎಲ್ಲರೂ ಕೇಳ್ತಿದಾರೆ, ಇನ್ನೊಂದಿಷ್ಟು ಅದೇ ಬಟ್ಟೆ ಕಳಿಸು."

ನನಗೆ ಆದ ಸಂತೋಷ ಹೇಳತೀರದು. ಅಡಿಗೆಮನೆಗೆ ಹೋಗಿ ವಿಶಾಲುವಿಗೆ ಎಲ್ಲವನ್ನೂ ವರದಿ ಮಾಡಿದೆ. ಅವಳು ಸಾರು ಕಲಕುತ್ತಲೇ ಕೇಳಿದಳು, "ಎಲ್ಲಾದ್ರೂ ಹರಿದಿದೆಯಂತಾ?"

"ಒಂದು ನೂಲೂ ಬಿಟ್ಟಿಲ್ಲವಂತೆ" ಎಂದೆ ಹೆಮ್ಮೆಯಿಂದ.

ಅವಳು ಒಲೆ ಸಣ್ಣ ಮಾಡಿದಳು. "ಹಾಗಾದ್ರೆ ಅವಳು ಬರಲ್ಲ ಬಿಡಿ" ಎಂದಳು.

ಮಾರನೆಯ ದಿನ ಕಚೇರಿ ಮುಗಿಸಿ ಚಿಕ್ಕಪೇಟೆಗೆ ಹೋದೆ. ದಾರಿಯುದ್ದಕ್ಕೂ ಒಂದು ಲೆಕ್ಕಾಚಾರ ಹಾಕಿಕೊಂಡಿದ್ದೆ. "ಶೆಟ್ಟರೇ, ಬೇಗ ಹರಿಯೋ ಅಂಥ ಬಟ್ಟೆ ತೋರಿಸಿ" ಎಂದೆ. ಶೆಟ್ಟರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಮೈಯಲ್ಲಿ ಹುಷಾರಿದೀರಾ ಸಾರ್?" ಎಂದರು. ಆಮೇಲೆ ಹುಡುಗರು ನನ್ನಿಂದ ಬಚ್ಚಿಡುತ್ತಿದ್ದ ಥಾನುಗಳನ್ನೆಲ್ಲ ಹೊರಗೆ ತೆಗೆದರು. ಒಂದನ್ನು ಎಳೆದೆ. ಪರ್ರನೆ ಬಂತು. ಇದೇ ಸರಿ, ನಾಲ್ಕು ಸಲ ಕಾಡು ಸುತ್ತಿದರೆ ಚಿಂದಿಯಾಗುತ್ತದೆ, ಹುಡುಗಿ ಬಸ್ಸು ಹತ್ತುತ್ತಾಳೆ ಎಂದುಕೊಂಡೆ. ಆ ಹರಿದ ಸಂದಿನಲ್ಲಿ ನನ್ನದೇ ಬೆರಳು ಆಚೆಗೆ ಇಣುಕುತ್ತಿತ್ತು. ಅದನ್ನೇ ಸ್ವಲ್ಪ ಹೊತ್ತು ನೋಡಿದೆ. ಇಷ್ಟು ಸಂದಿದ್ದರೆ ಸಾಕು, ಅವಳ ಕಾಲಿಗೆ ಏನು ಬೇಕಾದರೂ ತೂರುತ್ತದೆ.

"ಆ ಅಟ್ಟದ ಮೇಲಿನದನ್ನೇ ಇಳಿಸಿ" ಎಂದೆ.

"ಎಷ್ಟು ಸಾರ್?"

"ಸ್ವಲ್ಪ ಜಾಸ್ತೀನೇ ಕೊಡಿ."

ಹೊರಗೆ ಮಳೆ ಹಿಡಿದಿತ್ತು. ಪೊಟ್ಟಣವನ್ನು ಅಂಗಿಯೊಳಗೆ ಸೇರಿಸಿಕೊಂಡು, ನಾನು ತೊಯ್ದು ಮನೆಗೆ ಬಂದೆ. ವಿಶಾಲು ಬಟ್ಟೆಯನ್ನು ಬಿಚ್ಚಿ, ನನ್ನ ಹಾಗೆಯೇ ಹೆಬ್ಬೆರಳ ನಡುವೆ ಹಿಡಿದು ಎಳೆದಳು. ಅದು ಜಗ್ಗಲಿಲ್ಲ. ಅರಿಶಿನದ ಬಟ್ಟಲು ತರಲು ಒಳಗೆ ಹೋದಳು.

ನಮ್ಮ ಬಳಗದವರು ಈಗಲೂ ಬಟ್ಟೆ ಆರಿಸಲು ನನ್ನನ್ನು ಕರೆಯುತ್ತಾರೆ, ನಾನೂ ಹೋಗುತ್ತೇನೆ. ನಿಮಗೂ ಬೇಕಾದರೆ ಸಂಕೋಚವಿಲ್ಲದೆ ಬನ್ನಿ. ಯಾರಿಗಾಗಿ ಕೊಳ್ಳುತ್ತಿದ್ದೀರಿ ಎಂಬುದನ್ನು ಮಾತ್ರ ಮೊದಲೇ ಹೇಳಿಬಿಡಿ. ಬೇಗ ಮನೆಗೆ ಬರಲಿ ಎಂದು ನೀವು ಕಾಯುವವರಿಗಾದರೆ, ದಯವಿಟ್ಟು ಬೇರೆ ಯಾರನ್ನಾದರೂ ಕರೆದುಕೊಂಡು ಹೋಗಿ.